ನಾಲ್ಕನೆಯ ಕೋರ್

ತಂಗಿ ಜೆನಿಫರ್ ಕಳ್ಳಾಟ ಆಡಿದಳೆಂದು ಕಂಪ್ಯೂಟರ್ ಆಟದ ಪಂದ್ಯ ನಡೆಸುವವರು ಹೇಳಿರಲಿಲ್ಲ. ಅವಳು ಕಳಿಸಿದ ರೆಕಾರ್ಡಿಂಗ್ ತಡೆತಡೆದು ಓಡುತ್ತದೆ, ನಡುವೆ ಏನಾಯಿತೆಂದು ಕಾಣುವುದಿಲ್ಲ ಎಂದಷ್ಟೇ ಬರೆದಿದ್ದರು. ನನಗೆ ಎರಡೂ ಒಂದೇ ಎನಿಸಿತು. ಮುಂದಿನ ಆಟದ ರೆಕಾರ್ಡಿಂಗಿನಲ್ಲಿ ನೂರಕ್ಕಿಂತ ಹೆಚ್ಚು ಫ್ರೇಮ್, ಅಂದರೆ ಬಿಡಿಚಿತ್ರ, ತಪ್ಪಿದರೆ ಪಂದ್ಯದಿಂದ ಅವಳ ಹೆಸರು ತೆಗೆದುಹಾಕುವುದಾಗಿ ಹೇಳಿದ್ದರು.

ನಮ್ಮ ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲಿ ನಾಲ್ಕೇ ಕೋರ್, ಕೆಲಸ ಹಂಚಿಕೊಳ್ಳುವ ನಾಲ್ಕು ಭಾಗ. ಆಟ ನಾಲ್ಕನ್ನೂ ಎಳೆದುಕೊಂಡರೆ ರೆಕಾರ್ಡಿಂಗಿಗೆ ಏನೂ ಉಳಿಯುವುದಿಲ್ಲ. ಎರಡು ದಿನ ಹುಡುಕಿ ಕಲಿತೆ: ಟಾಸ್ಕ್ ಮ್ಯಾನೇಜರಿನಲ್ಲಿ ಆಟದ ಪಾಲಿನಿಂದ ನಾಲ್ಕನೆಯ ಕೋರಿನ ಗುರುತು ತೆಗೆದರೆ ಅದು ರೆಕಾರ್ಡಿಂಗಿಗೆ ಉಳಿಯುತ್ತದೆ. ಆಟದ ದಿನ ಬೆಳಿಗ್ಗೆಯೇ ಆಟ ತೆರೆದು ಗುರುತು ತೆಗೆದೆ. ಮೂರು ಸಲ ನೋಡಿದೆ.

"ಮತ್ತ ನೋಡಬ್ಯಾಡ ಅಕ್ಕಾ, ಸವದೀತು," ಎಂದಳು ಜೆನಿ.

ಹನ್ನೊಂದಕ್ಕೆ ಆಟ ಶುರುವಾಯಿತು. ನಮ್ಮೂರು ಸಾಂಬ್ರಾಣಿಯ ಬಿಸಿಲಿಗೆ ಮಾಡಿನ ತಗಡು ಕಾದಿತ್ತು. ಮನೆಯ ಒಂದೇ ಫ್ಯಾನನ್ನು ಲ್ಯಾಪ್‌ಟಾಪಿನತ್ತ ತಿರುಗಿಸಿದ್ದೆವು. ತಪ್ಪಿದ ಫ್ರೇಮ್‌ಗಳ ಸಂಖ್ಯೆ ಕಾಣಲೆಂದು ಹಳೆಯ ಟಿವಿ ಜೋಡಿಸಿ ಅದರ ಮುಂದೆ ನಾನು ಕೂತಿದ್ದೆ. ಸೊನ್ನೆ ಇರಬೇಕಾದಲ್ಲಿ ಹನ್ನೆರಡು. ನೋಡುತ್ತಿದ್ದಂತೆ ಮೂವತ್ತು.

"ಜೆನಿ, ಆಟ ಬಂದ್ ಮಾಡಿ ಮತ್ತ ಹಚ್ಚಿದೇನ?"

"ನೀ ನೀರು ತರಾಕ ಹೋದಾಗ. ಸೌಂಡ್ ಬರ್ತಿರಲಿಲ್ಲ. ಯಾಕ?"

ಆಟ ಮುಚ್ಚಿ ತೆರೆದರೆ ಆ ಗುರುತು ತಾನಾಗಿಯೇ ಮರಳಿ ಬರುತ್ತದೆ. ಗಾಬರಿಯಾದಾಳೆಂದು ಅವಳಿಗೆ ಹೇಳಿರಲಿಲ್ಲ.

ಐವತ್ತೆಂಟು. ಇದ್ದ ಒಂದೇ ಮೌಸ್ ಅವಳ ಕೈಯಲ್ಲಿತ್ತು. ಅವಳ ಆಟಗಾರ ಗೋಡೆಯ ಮರೆಯಲ್ಲಿ ಕಾಯುತ್ತಿದ್ದ. ಎದುರಾಳಿಯ ಹೆಜ್ಜೆ ಸಪ್ಪಳ ಹತ್ತಿರವಾಗುತ್ತಿತ್ತು.

"ಕೈ ಬಿಡು."

"ಈಗೇನ? ಅವ ಬಾಗಲದಾಗ ಅದಾನ."

"ಬಿಡು ಅಂದ್ನಿ."

ಬಿಟ್ಟಳು. ಮೌಸ್ ಹಿಡಿದು ಟಾಸ್ಕ್ ಮ್ಯಾನೇಜರ್ ತೆರೆದೆ; ಮೊದಲ ಸಲ ಬೇರೆ ಸಾಲು ಒತ್ತಿ, ಆಮೇಲೆ ಗುರುತು ತೆಗೆದೆ. ಸಂಖ್ಯೆ ಎಂಬತ್ತಮೂರಕ್ಕೆ ನಿಂತಿತು. ಆಟಕ್ಕೆ ಮರಳಿದಾಗ ಅವಳ ಆಟಗಾರ ನೆಲದ ಮೇಲೆ ಬಿದ್ದಿದ್ದ.

"ಸೋಲಾಕ ಫ್ಯಾನ್ ಬ್ಯಾರೆ ಬೇಕಿತ್ತೇನ?" ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ.

ಮಧ್ಯಾಹ್ನ ಪಂದ್ಯ ನಡೆಸುವವರ ಸಂದೇಶ ಬಂತು. "ವಿಡಿಯೊ ಸ್ಪಷ್ಟವಾಗಿದೆ. ಆದರೆ ಹದಿನಾಲ್ಕನೆಯ ನಿಮಿಷದಲ್ಲಿ ಕೈ ಬಿಡು ಎಂದವರು ಯಾರು? ಆಟ ಬಿಟ್ಟು ತೆರೆದದ್ದು ಏನು?"

ಅವಳನ್ನು ಉಳಿಸಲು ಆಡಿದ ಮಾತೇ ಅವಳ ಮೇಲೆ ಸಾಕ್ಷಿಯಾಗಿತ್ತು. ಪಕ್ಕದ ಮನೆಯ ದನಿ ಎನ್ನಲೇ ಎಂದು ಯೋಚಿಸಿದೆ.

"ಅಕ್ಕ ಅಂತ ಬರಿ," ಎಂದಳು ಜೆನಿ. "ಸೋಲಿಸಿದಾಕಿ ಅಂತನೂ ಬರಿ. ಕಳ್ಳಾಟ ಆಡೋರು ಹಂಗ ಕೈ ಬಿಟ್ಟು ಸಾಯ್ತಾರೇನ?"

ಕೋರಿನ ವಿಷಯ, ನಾನು ಹೇಳದೆ ಬಿಟ್ಟ ವಿಷಯ, ಎಲ್ಲ ಬರೆದೆ. ಸಂಜೆಯ ಹೊತ್ತಿಗೆ ಉತ್ತರ ಬಂತು: ಹೆಸರು ಉಳಿದಿದೆ, ಉಳಿದ ಎರಡು ಆಟಗಳಲ್ಲಿ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು.

ಆ ಎರಡರಲ್ಲಿ ಇವತ್ತು ಮೊದಲನೆಯದು. ನಾನು ಮುಚ್ಚಿದ ಬಾಗಿಲಿನ ಹೊರಗೆ ಕೂತಿದ್ದೇನೆ. ಗುರುತು ತೆಗೆಯುವುದನ್ನು ಅವಳಿಗೆ ಕಲಿಸಿದ್ದೇನೆ. ಈಗಷ್ಟೇ ಒಳಗೆ ಆಟದ ಸದ್ದು ನಿಂತು, ಮತ್ತೆ ಶುರುವಾಯಿತು. ಮುಚ್ಚಿ ತೆರೆದಿರಬೇಕು; ಗುರುತು ಮತ್ತೆ ತೆಗೆದಳೋ ಇಲ್ಲವೋ ಕೇಳುವಂತಿಲ್ಲ. ನನ್ನ ದನಿ ರೆಕಾರ್ಡ್ ಆದೀತು.