ಬ್ರೇಕ್ ಹಾಕಿದ ಮೇಲಿನ ದೂರ

ಪೆನ್ಸಿಲ್ ಕರಕರ ಎನ್ನುತ್ತಿದೆ, ಸ್ನೇಹಲ್ ತ್ರಿಕೋನದೊಳಗೆ ಗೆರೆ ತುಂಬುತ್ತಿದ್ದಾಳೆ, ಎಷ್ಟು ಒತ್ತಿ ಎಳೆಯುತ್ತಾಳೆ ನನ್ನ ಮಗಳು, ಹಾಳೆ ಹರಿದೀತು ಎಂದುಕೊಂಡ ಶ್ರೀಶೈಲ, ಚಹಾ ಆರಿ ಕೆನೆಗಟ್ಟಿದೆ, ಬೊರಿವಲಿಯ ಈ ಮನೆಗೆ ಭಾನುವಾರದ ಮಧ್ಯಾಹ್ನವೂ ಲೋಕಲ್ ರೈಲಿನ ಹಾರ್ನ್ ಕೇಳದೆ ಇರುವುದಿಲ್ಲ — ನಾಳೆ ಡ್ಯೂಟಿ, ರಜೆ ಮುಗಿಯಿತು, ನಾಳೆ ಮತ್ತೆ ಮೋಟರ್‌ಮನ್ನನ ಆ ಕುರ್ಚಿ, ಎದುರಿಗೆ ಆ ಗಾಜು — ಪಪ್ಪಾ, ಸುನೋ ನಾ, ಟ್ರೇನಿಂದೇ ಸಮ್ ಅದ, ನಿಮಗ ಈಸಿ, ಸೆಕೆಂಡಿಗೆ ಇಪ್ಪತ್ತು ಮೀಟರ್ ಸ್ಪೀಡ್, ಬ್ರೇಕ್ ಹಾಕಿದ ಮ್ಯಾಲೆ ಇಪ್ಪತ್ತು ಸೆಕೆಂಡಿಗೆ ನಿಲ್ತದ, ಡಿಸ್‌ಪ್ಲೇಸ್‌ಮೆಂಟ್ ಕಿತನಾ? ಸ್ಥಾನಪಲ್ಲಟ, ವಿಜಾಪುರದ ಶಾಲೆಯಲ್ಲಿ ಮಾಸ್ತರು ಹಾಗೆನ್ನುತ್ತಿದ್ದರು, ವೇಗದ ಗೆರೆಯ ಕೆಳಗಿನ ಜಾಗವೇ ಗಾಡಿ ಸಾಗಿದ ದೂರ, ತ್ರಿಕೋನದ ಪಾದ ಇಪ್ಪತ್ತು, ಎತ್ತರ ಇಪ್ಪತ್ತು, ಗುಣಿಸಿ ಅರ್ಧ ಮಾಡು, ಇನ್ನೂರು ಮೀಟರ್ — ಇಂಥದೇ ಗೆರೆಯನ್ನು ವಿಚಾರಣೆಯ ದಿನ ಸಾಹೇಬರು ಅವನ ಮುಂದಿಟ್ಟಿದ್ದರು, ಅವನ ಗಾಡಿಯ ಯಂತ್ರವೇ ಬರೆದ ಗೆರೆ, ನೆಟ್ಟಗೆ ಬಂದು ಒಮ್ಮೆಲೇ ಇಳಿಜಾರು, ದೇಖೋ, ತುಮ್ನೇ ತೋ ತುರಂತ್ ಬ್ರೇಕ್ ಲಗಾಯಾ, ತಿರುವು ದಾಟಿದ ಮೇಲೆ ಹಳಿಯ ಮೇಲಿನ ಆ ಹೆಂಗಸು ಕಂಡದ್ದೇ ನೂರು ಮೀಟರಿನಲ್ಲಿ, ಗಾಡಿ ನಿಲ್ಲಲು ಇನ್ನೂರಾದರೂ ಬೇಕು, ತುಮ್ಹಾರೀ ಕೋಯೀ ಗಲತೀ ನಹೀ, ಘರ್ ಜಾವೋ, ಆರಾಮ್ ಕರೋ.

ಮನೆಗೆ ಬಂದ, ತಲೆಯ ಮೇಲೆ ನೀರು ಸುರಿದುಕೊಂಡೇ ಕೂತ, ಹುಡುಗಿಗೆ ಹೇಳಬ್ಯಾಡ್ರಿ, ಪರೀಕ್ಷಾ ಹತ್ರ ಬಂದಾವ ಅಂದಳು ಹೆಂಡತಿ, ಜ್ವರ ಅಂದರು, ರಜೆ ಅಂದರು, ತಪ್ಪಿಲ್ಲ ಎಂಬ ಆ ಮಾತನ್ನು ತಂದು ಮನೆಯಲ್ಲಿ ಎಲ್ಲಿಡಬೇಕೋ ತಿಳಿಯಲಿಲ್ಲ — ಗಾಡಿಗೆ ಸಿಕ್ಕ ಆ ಹೆಂಗಸಿನ ಗಂಡ ಅವತ್ತು ಸ್ಟೇಷನ್ನಿನ ಬೆಂಚಿನ ಮೇಲಿದ್ದ, ಬೈಯಲಿಲ್ಲ, ಅಂಗಿ ಹಿಡಿಯಲಿಲ್ಲ, ಸಾಹೇಬ್, ತಿಲಾ ಗಾಡೀ ದಿಸಲೀ ನಾಹೀ ಕಾ, ಅಷ್ಟೇ ಕೇಳಿದ, ಅವಳಿಗೆ ಗಾಡಿ ಕಾಣಲಿಲ್ಲವೇ, ಕಂಡಿತ್ತು, ಹಾರ್ನೂ ಕೇಳಿತ್ತು, ಅದನ್ನು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು, ನಾಹೀ ಭಾವೂ, ದಿಸಲೀ ನಾಹೀ ಎಂದುಬಿಟ್ಟ — ಪಪ್ಪಾ, ಟೂ ಹಂಡ್ರೆಡ್, ಬರೋಬರ್? ಬರೋಬರ್. ಮತ್ತ ಪಪ್ಪಾ, ನೂರು ಮೀಟರಿನ್ಯಾಗ ಯಾರರೆ ಇದ್ರ? ಇನ್ನೂರು ಬೇಕಂದ್ರ ಬೇಕವ್ವಾ, ನಾ ಏನ್ ಮಾಡ್ಲಿ, ಏನ್ ಮಾಡ್ಬೇಕಿತ್ತು ನಾ! ತನ್ನ ದನಿಗೆ ತಾನೇ ಬೆಚ್ಚಿದ, ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು, ಸ್ನೇಹಲ್ ಪೆನ್ಸಿಲ್ ಕೆಳಗಿಟ್ಟಳು, ಪಪ್ಪಾ, ನಿಮ್ ಗಾಡೀಗೆ... ರಜಾ ಅದಕ್ಕೇನು? ಅವನು ಹೌದೆಂದು ತಲೆಯಾಡಿಸಿದ, ಅವಳು ಕುರ್ಚಿ ಎಳೆದುಕೊಂಡು ಬಂದು ಅವನ ಮುಂಗೈ ಹಿಡಿದಳು, ಪುಟ್ಟ ಕೈಯಲ್ಲ ಈಗ, ದೊಡ್ಡವಳಾಗಿದ್ದಾಳೆ, ಮತ್ ಜಾವೋ ಪಪ್ಪಾ ಕಲ್, ಅಳುತ್ತಿದ್ದಾಳೆ, ಹೋಗದಿದ್ದರೆ ಏನು, ಗಾಡಿ ಇಲ್ಲಿಗೂ ಬರುತ್ತದೆ, ಲೆಕ್ಕ ಸರಿಯಿದೆ, ಇನ್ನೂರು, ಯಾರು ಮಾಡಿದರೂ ಇನ್ನೂರು, ಆದರೆ ಆ ಹೆಂಗಸು ಹಳಿ ದಾಟಿಯಾಗಿತ್ತು ಕೂಸೇ, ಅದನ್ನು ನಾನು ಯಾರಿಗೂ ಹೇಳಿಲ್ಲ, ಆಚೆಯ ಜಲ್ಲಿಯ ಮೇಲೆ ಎರಡೂ ಕಾಲು ಊರಿ ನಿಂತಿದ್ದಳು, ಬದುಕಿದ್ದಳು, ಹಳಿಯ ನಡುವೆ ಅವಳದೊಂದು ಚಪ್ಪಲಿ, ನೀಲಿ ರಬ್ಬರಿನದು, ನನ್ನತ್ತ ನೋಡಿದಳು, ಚಪ್ಪಲಿಯತ್ತ ನೋಡಿದಳು, ತಿರುಗಬ್ಯಾಡವ್ವಾ, ಹೊಸಾದು ಕೊಡಸ್ತೀನಿ, ತಿರುಗಬ್ಯಾಡ, ತಿರುಗಿದಳು, ಬಗ್ಗಿದಳು, ಬಳೆಯ ಕೈ ಚಾಚಿದಳು, ನೀಲಿ ಚಪ್ಪಲಿ, ಬಗ್ಗಿದಳು, ಬಳೆಯ ಕೈ, ನೀಲಿ ಚಪ್ಪಲಿ, ಬಳೆಯ ಕೈ —