ಮಂಜಿನ ಹೊತ್ತಿನ ಗಂಟೆ

ನಾನು ಒಂದು ಕಂಚಿನ ಗಂಟೆ. ನಾಗಮಂಗಲದ ಎರಕದ ಮನೆಯೊಂದರಲ್ಲಿ, ಮೇಣ ಕರಗಿಹೋದ ಜಾಗಕ್ಕೆ ಬೆಂಕಿಯಂತೆ ಇಳಿದು ಹುಟ್ಟಿದೆ. ಮಣ್ಣಿನ ಅಚ್ಚು ಒಡೆದ ಮುದುಕ ನನ್ನನ್ನು ಮೆಲ್ಲಗೆ ತಟ್ಟಿ, ನಾದ ಮುಗಿಯುವ ತನಕ ಕಣ್ಣು ಮುಚ್ಚಿ ನಿಂತಿದ್ದ. ಗುಡಿ ಸೇರುವೆನೆಂದೇ ನಂಬಿದ್ದೆ. ಆದರೆ ನನ್ನನ್ನು ಕೊಂಡವನು ಮುಗಿಲುಕಲ್ಲು ಬೆಟ್ಟದ ಮೇಲೆ ಹೋಟೆಲು ಕಟ್ಟಿಸಿದ ಬಿಳಿಯ ದೊರೆ.

ಜಗಲಿಯ ತೊಲೆಗೆ ನನ್ನನ್ನು ತೂಗುಹಾಕಿದರು. ಆ ಬೆಟ್ಟದಲ್ಲಿ ಮಂಜು ಇಳಿದರೆ ಚಾಚಿದ ಕೈ ಕಾಣದು. ಹೊರಗೆ ಹೋದವರಿಗೆ ದಾರಿ ತಪ್ಪದಿರಲೆಂದು, ಮಂಜು ಹರಿಯುವವರೆಗೆ ನನ್ನನ್ನು ಬಾರಿಸುವುದು ರೂಢಿ. ದಾರಿ ತಪ್ಪಿದವರನ್ನು ಕರೆತರುವುದೂ ದೇವರ ಕೆಲಸವೇ ಎಂದು ಸಮಾಧಾನ ಮಾಡಿಕೊಂಡೆ.

ದೊರೆ ಹಡಗು ಹತ್ತಿದ. ಹೋಟೆಲು ಮೈಸೂರಿನ ಸಾಹುಕಾರರೊಬ್ಬರ ಪಾಲಾಯಿತು. ಡಾಂಬರು ರಸ್ತೆ, ಕರೆಂಟು ಬಂದವು. ನನ್ನ ಹಗ್ಗ ಹಿಡಿಯುವವರು ಇಲ್ಲವಾದರು.

ಅಲ್ಲಿ ಬಟ್ಟೆ ಒಗೆಯುತ್ತಿದ್ದವಳು ನಿಂಗಾಜಮ್ಮ. ಗಂಡ ಚಲುವಯ್ಯ ಒಲೆಗೆ ಸೌದೆ ತರುತ್ತಿದ್ದ. ಒಂದು ಮಧ್ಯಾಹ್ನ ಅವನು ಕಾಡಿನಲ್ಲಿರುವಾಗಲೇ ಮಂಜು ಇಳಿಯಿತು. ಅವಳು ಅಂಗಳದ ಅಂಚಿಗೆ ಓಡಿ, "ಓಯ್, ಬನ್ನೀ!" ಎಂದು ಕೂಗಿದಳು.

"ಹೆಸ್ರು ಹಿಡ್ದು ಕೂಗಮ್ಮಿ! ಓಯ್ ಅಂದ್ರೆ ಯಾರ್ಗೆ ಅಂತ ತಿಳೀಬೇಕು?" ಎಂದ ಅಡುಗೆಯ ಮಾದಪ್ಪ.

"ಅಯ್ಯೋ, ನಾನೆಂಗಣ್ಣ ಹೇಳ್ಲಿ?"

ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದವಳು ಅವಳು. ಮಾದಪ್ಪ ತಾನೇ ಎರಡು ಸಲ ಕೂಗಿ, ಉಕ್ಕುತ್ತಿದ್ದ ಅನ್ನದ ಕಡೆ ಓಡಿದ. ಅವಳು ಗಂಡನ ಆಯುಸ್ಸು ಕಾಯುತ್ತ 'ಓಯ್' ಎಂದೇ ಕೂಗಿದಳು. ತಲೆಯ ಮೇಲೆ ನಾನಿದ್ದೆ, ಯಾರಿಗೂ ನೆನಪಾಗಲಿಲ್ಲ. ಮಂಜು ಹರಿದ ಮೇಲೆ ಹುಡುಕಿದವರಿಗೆ ಸಿಕ್ಕಿದ್ದು ಕೊಡಲಿ ಮಾತ್ರ.

ಅಂದಿನಿಂದ ಮಂಜು ಬಿದ್ದರೆ ಸಾಕು, ಒದ್ದೆ ಕೈಯಲ್ಲೇ ಬಂದು ನನಗೊಮ್ಮೆ ಕೈಮುಗಿದು ಹಗ್ಗ ಹಿಡಿಯುತ್ತಿದ್ದಳು. ಹಣೆಯ ಕುಂಕುಮ ಅಳಿಸಲಿಲ್ಲ. ಗಂಟೆ ಕೇಳುತ್ತದೆ, ಬಾರಿಸುವವರು ಕಾಣರು ಎಂದು ಪ್ರವಾಸಿಗರು ಬೆದರಿದರು. 'ದೆವ್ವದ ಹೋಟೆಲು' ಎಂಬ ಹೆಸರು ಬಿತ್ತು. ದೆವ್ವ ನೋಡಲೆಂದೇ ಜನ ಬರತೊಡಗಿದ ಮೇಲೆ ಸಾಹುಕಾರರ ಮಕ್ಕಳೂ ನಿಜ ಹೇಳಲಿಲ್ಲ.

ನಿಂಗಾಜಮ್ಮ ಹಣ್ಣಾದಳು. ಆಗ ಬಂದರು ಹಾಸನದ ಹೊಸ ದಂಪತಿ, ತೇಜಸ್ ಮತ್ತು ಸಿಂಚನಾ. ದೆವ್ವದ ಫೋಟೊ ತೆಗೆಯುತ್ತೇನೆಂದು ಅವನು ಕಾಡಿನ ಕಡೆ ಹೋದ. ಮಂಜು ಇಳಿಯಿತು.

"ತೇಜೂ! ಲೋ ತೇಜಸ್!" ಎಂದು ಸಿಂಚನಾ ಕಿರುಚಿದಳು.

ಮುದುಕಿ ಬೆರಗಾಗಿ ನೋಡಿದಳು. "ಗಂಡನ್ನ ಹಂಗೆ ಕೂಗ್ಬೋದೇನವ್ವ?"

"ಕೂಗ್ದೆ ಇನ್ನೇನ್ ಮಾಡ್ಲಿ ಅಜ್ಜಿ? ಫೋನೂ ಸಿಗ್ತಿಲ್ಲ!"

"ಬಾ, ಈ ಹಗ್ಗ ಹಿಡ್ಕೊ."

ಇಬ್ಬರೂ ಎಳೆದರು. ನಾನು ಇದ್ದಬದ್ದ ಉಸಿರೆಲ್ಲ ಕೂಡಿಸಿ ಕರೆದೆ. ಮೊಣಕಾಲು ತರಚಿಕೊಂಡು ತೇಜಸ್ ಬಂದೇಬಿಟ್ಟ. "ದೆವ್ವದ ಗಂಟೆ ಕೇಳ್ಕೊಂಡೇ ಬಂದೆ ಕಣೇ!"

"ದೆವ್ವ ಇಲ್ಲೇ ನಿಂತಿದೆ, ಕಾಲಿಗೆ ಬೀಳು," ಎಂದು ಅವಳು ಅಳುತ್ತಳುತ್ತಲೇ ನಕ್ಕಳು.

ನಿಂಗಾಜಮ್ಮ ಹಗ್ಗ ಬಿಡಲಿಲ್ಲ.

"ಬಂದ್ನಲ್ಲ ಅಜ್ಜಿ, ಸಾಕು ಬಿಡಿ," ಎಂದಳು ಸಿಂಚನಾ.

"ನಿಮ್ಮೋರು ಬಂದ್ರು ಕಣವ್ವ."

ಅವರು ಒಳಗೆ ಹೋದ ಮೇಲೂ ಬಹಳ ಹೊತ್ತು ಬಾರಿಸಿದಳು. ಆಮೇಲೆ ಹಗ್ಗ ಬಿಟ್ಟು ಅಂಗಳದ ಅಂಚಿಗೆ ಹೋಗಿ, ಸೆರಗು ಸರಿಮಾಡಿಕೊಂಡು, ಕೂಗಿದಳು: "ಚಲುವಯ್ಯಾ..."

ಕೂಗಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಕಿವಿಗೊಟ್ಟಳು. ಮತ್ತೆ ಕೂಗಿದಳು, ಈ ಸಲ ಜೋರಾಗಿ.

ಆ ಚಳಿಗಾಲದಲ್ಲೇ ಅವಳು ದೇವರ ಪಾದ ಸೇರಿದಳು. ಈಗ ನಾನು ಹೋಟೆಲಿನ ಹಜಾರದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇದ್ದೇನೆ. ಬಂದವರು ನನ್ನೊಡನೆ ಫೋಟೊ ತೆಗೆಸಿಕೊಳ್ಳುತ್ತಾರೆ. ಸದ್ದಾಗದಿರಲೆಂದು ನಾಲಿಗೆಯನ್ನು ನೂಲಿನಿಂದ ಬಿಗಿದಿದ್ದಾರೆ. ಕಿಟಕಿಯಾಚೆ ಮಂಜು ಇಳಿದಾಗಲೆಲ್ಲ ನನ್ನ ಕಂಚು ಸಣ್ಣಗೆ ನಡುಗುತ್ತದೆ. ಭಗವಂತಾ, ಯಾರಾದರೂ ಈ ನೂಲು ಬಿಚ್ಚಬಾರದೆ? ಚಲುವಯ್ಯ ಇನ್ನೂ ದಾರಿಯಲ್ಲಿರಬಹುದು.