ಬಿಸಿಲು ಅಳೆಯುವ ಕೊಳವೆ

"ಇನ್ನೊಂದು ದಿನಾ ಬಿಡ್ರಿ ಸಾಹೇಬ್ರೆ, ಒಂದೇ ದಿನಾ!"

ಮಾಳಿಗೆಯ ಮೇಲೆ ಶಾಂತಾಬಾಯಿ, ಕೊಳವೆ ಇಡಲು ಹುಲ್ಲು ತುಂಬಿದ ಪೆಟ್ಟಿಗೆಗೆ ಅಡ್ಡ ನಿಂತಿದ್ದಳು. ಮಾಣಿಕಪ್ಪ ಸಾಹೇಬರು ಹೈದರಾಬಾದಿನ ಆಫೀಸಿನಿಂದ ಬಂದದ್ದೇ ಉಪಕರಣವನ್ನು ಕಟ್ಟಿಕೊಂಡು ಸಂಜೆಯ ಗಾಡಿ ಹತ್ತಲು. ನಾರಾಯಣಖೇಡದ ಮನುಷ್ಯ, ಮಾತು ಮೆತ್ತಗೆ. ಹಟ ಮಾತ್ರ ನೆಲಕ್ಕೆ ಹಾಸುವ ತಾಂಡೂರಿನ ಪರಸಿಕಲ್ಲಿನಷ್ಟು ಗಟ್ಟಿ.

"ಹೆಂಗ ಬಿಡ್ಲಿ ತಂಗಿ? ಆಕಾಶ ನೀಲಿ ಇದ್ದಾಗೂ ನಿನ್ನ ಕೊಳವಿ ಧೂಳ ಅದ ಅಂತದ. ಉಪಗ್ರಹದ ಚಿತ್ರದಾಗ ನೋಡಿದ್ರ ಎಲ್ಲಾ ಸ್ವಚ್ಛ. ಮ್ಯಾಲಿಂದ ನೋಡಿದ್ದೊಂದು, ಕೆಳಗಿಂದ ನೋಡಿದ್ದೊಂದು. ಲೆಕ್ಕ ಹೆಂಗ ಕೂಡಬೇಕು?"

ಕೊಳವೆ ನೋಡಲು ಅಂಥದ್ದೇನೂ ಅಲ್ಲ. ಒಂದು ತುದಿಗೆ ಗಾಜು, ಇನ್ನೊಂದಕ್ಕೆ ಮುಳ್ಳು. ಸೂರ್ಯನತ್ತ ತಿರುಗಿಸಿದರೆ ಎಷ್ಟು ಬಿಸಿಲು ಇಳಿದು ಬಂತು, ಎಷ್ಟನ್ನು ನಡುವಿನ ಧೂಳು ನುಂಗಿತು ಎಂದು, ಧೂಳನ್ನು ಮುಟ್ಟದೆಯೇ ಹೇಳುತ್ತದೆ. ಇಂಥ ಅಳತೆಗಳನ್ನು ಕೂಡಿಸಿ, ದೊಡ್ಡ ಧೂಳುಗಾಳಿ ಹೇಗೆ ಬಲಿಯುತ್ತದೆ ಎಂದು ಮೊದಲೇ ಹೇಳುವ ಲೆಕ್ಕವೊಂದನ್ನು ಆಫೀಸಿನವರು ಕಟ್ಟುತ್ತಿದ್ದರು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಬರೀ ರೊಟ್ಟಿ ಬಡಿಯುತ್ತಿದ್ದ ಶಾಂತಾಬಾಯಿಗೆ ಆ ಲೆಕ್ಕದಲ್ಲಿ ತನ್ನೂರು ತಾಂಡೂರಿನ ಅಳತೆ ತನ್ನ ಪಾಲಿನದು ಎಂಬ ಹೆಮ್ಮೆ. ಕೊಳವೆ ಹೋದರೆ ಕೆಲಸ ಹೋಯಿತು. ಮತ್ತೆ ರೊಟ್ಟಿಯೇ ಗತಿ.

ಕಣ್ಣೀರು ಕಾಣಬಾರದೆಂದು ಮುಖ ತಿರುಗಿಸಿದವಳ ಕಣ್ಣು ಪಡುವಣಕ್ಕೆ ಬಿತ್ತು. ಬಶೀರಾಬಾದಿನ ಕಡೆ, ಇಳಿಬಿಸಿಲಿನ ಕೆಳಗೆ, ನೆಲದಿಂದ ಒಂದು ಕಂದು ಗೋಡೆ ಎದ್ದು ನಿಂತಿತ್ತು.

"ಯವ್ವಾ! ನೋಡ್ರಿ ಸಾಹೇಬ್ರೆ! ಬರ್ಲತ್ತದ!"

ಸಾಹೇಬರ ಕೈಯ ಹಗ್ಗ ಜಾರಿತು. "ಅಬ್ಬಬ್ಬಾ! ಇಂಥಾದ್ದು ನಾ ಎಂದೂ ನೋಡಿಲ್ಲ." ಮರುಗಳಿಗೆಯೇ ಮುಖ ಸಪ್ಪಗಾಯಿತು. "ಕೆಟ್ಟ ಕೊಳವಿಲಿಂದ ಅಳದು ಏನ್ ಫಾಯ್ದಾ?"

"ಕೆಟ್ಟಿಲ್ರಿ ಅದು!" ಎನ್ನುತ್ತಲೇ ಅವಳು ಅದನ್ನು ಮುಕ್ಕಾಲಿಯ ಮೇಲೆ ಏರಿಸಿಬಿಟ್ಟಿದ್ದಳು.

ಮೆಟ್ಟಿಲ ಮೇಲೆ ಬಳೆ ಸದ್ದಾಯಿತು. ಅತ್ತೆ ಸುಂದರಬಾಯಿ ಏದುಸಿರು ಬಿಡುತ್ತ ಓಡಿ ಬಂದಳು.

"ನಿಂದ್ರು, ನಿಂದ್ರು! ಸಾಹೇಬ್ರು ನಸುಕಿನ್ಯಾಗೇ ಬಂದು ದೇವ್ರ ಕೋಣ್ಯಾಗಿಂದ ಮ್ಯಾಲ ತಂದ್ರು. ಇವತ್ತ ಇದರ ಪೂಜಿನೇ ಆಗಿಲ್ಲ!" ಎಂದವಳೇ ಅಂಗೈಯಲ್ಲಿ ಕಲಸಿ ತಂದಿದ್ದ ವಿಭೂತಿಯನ್ನು ಮೂರು ಬೆರಳಿನಿಂದ ಗಾಜಿನ ಮೇಲೆ ಎಳೆದಳು.

"ಅತ್ತಿ! ಏನ್ ಮಾಡ್ಲತ್ತೀರಿ?"

"ದಿನಾ ಮಾಡೂದೇ ಮಾಡ್ಲತ್ತೀನಿ. ತಕ್ಕಡಿಗಿ ಹಚ್ಚಲ್ಲೇನು, ಹೊಲಿಗಿ ಮಷೀನಿಗಿ ಹಚ್ಚಲ್ಲೇನು? ನಿನ್ನ ಕೆಲಸ ಗಟ್ಟಿ ಆಗ್ಲಿ ಅಂತ. ಸಾಹೇಬ್ರ ಸಾಮಾನು, ಕಾಣಬಾರ್ದಂತ ತೆಳ್ಳಗೇ ಸವರ್ತೀನಿ."

ಗಾಜಿಗೆ ಬಟ್ಟೆ ಸೋಕಿಸಲೇಬಾರದು, ಗೀರು ಬೀಳುತ್ತದೆ ಎಂದು ಆಫೀಸಿನ ಕಟ್ಟಪ್ಪಣೆ. ಶಾಂತಾಬಾಯಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ದಿನದಿನದ ವಿಭೂತಿ ಗಾಜಿನ ಮೇಲೆ ಪದರ ಕಟ್ಟಿತ್ತು, ಕೊಳವೆ ಅದನ್ನೇ ಆಕಾಶದ ಧೂಳೆಂದು ಅಳೆದಿತ್ತು. ಮಾಣಿಕಪ್ಪನವರಿಗೆ ಮೊದಲು ಸಿಟ್ಟು ಬಂತು. ಅದರ ಹಿಂದೆಯೇ ನಗು ನುಗ್ಗಿ ಬಂತು.

"ಶಿವ ಶಿವಾ! ಅಲ್ಲಿ ದೊಡ್ಡ ದೊಡ್ಡೋರೆಲ್ಲಾ ತಲಿ ಕೆರಕೊಂಡು ಕುಂತಾರ, ಒಬ್ರಿಗೂ ವಿಭೂತಿ ಹೊಳೀಲಿಲ್ಲ!"

ಕರವಸ್ತ್ರ ಒದ್ದೆ ಮಾಡಿ ತಾವೇ ಅಪ್ಪಣೆ ಮುರಿದು ಒರೆಸಿದರು. ಸೂರ್ಯ ಇನ್ನೂ ಗೋಡೆಯ ಮೇಲಿನ ನೀಲಿಯಲ್ಲಿದ್ದ. ಮುಳ್ಳು ಟಣ್ಣನೆ ಜಿಗಿದು, ಸ್ವಚ್ಛ ಆಕಾಶಕ್ಕೆ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತಿತು.

"ಬರೋಬ್ಬರಿ!" ಸಾಹೇಬರು ಚಿಕ್ಕ ಹುಡುಗನ ಹಾಗೆ ಕೂಗಿದರು. "ಹೇಳು ತಂಗಿ, ನಾ ಬರಕೋತೀನಿ!"

ಗೋಡೆಯ ಅಂಚು ಸೂರ್ಯನನ್ನು ಮುಟ್ಟಿತು. "ಇಳೀಲತ್ತದ್ರಿ, ಇಳೀಲತ್ತದ!" ಅವಳು ಕೂಗುತ್ತ ಹೋದಳು, ಅವರು ಗೀಚುತ್ತ ಹೋದರು. ಎಲ್ಲೋ ತಗಡು ಹಾರಿತು. ಗಾಳಿ ಅವಳನ್ನು ಮುಕ್ಕಾಲಿಯ ಸಮೇತ ದೂಡಿತು. ಕಿಟಕಿ ಮುಚ್ಚಲು ಕೆಳಗೆ ಓಡಬೇಕಾದ ಸುಂದರಬಾಯಿ ಹಿಂದಿನಿಂದ ಬಂದು ಸೊಸೆಯ ನಡುವನ್ನು ಎರಡೂ ಕೈಯಿಂದ ಬಿಗಿದಳು.

"ನೀ ಅದನ್ನ ಹಿಡಿ, ನಾ ನಿನ್ನ ಹಿಡೀತೀನಿ!"

ಸೂರ್ಯ ಹಳೆಯ ತಾಮ್ರದ ಬಿಲ್ಲೆಯಾದ. ಆಮೇಲೆ ಅದೂ ಇಲ್ಲ. ಮುಳ್ಳು ಸೊನ್ನೆಯ ಮೇಲೆ ಮಲಗಿತು.

ಗಾಳಿ ಇಳಿದಾಗ ಮೂವರ ಗುರುತೂ ಸಿಗುವಂತಿರಲಿಲ್ಲ. ಪೆಟ್ಟಿಗೆಯ ಹುಲ್ಲೆಲ್ಲ ಹಾರಿ ಹೋಗಿತ್ತು. ಸಾಹೇಬರು ಕೆಮ್ಮುತ್ತ ಖಾಲಿ ಪೆಟ್ಟಿಗೆಯನ್ನೇ ಹೆಗಲಿಗೇರಿಸಿದರು.

"ಕೊಳವಿ ಇಲ್ಲೇ ಇರ್ಲಿ. ನಾ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀರಿ?"

"ವಿಭೂತಿ ಸುದ್ದಿ ಒಂದ್ ಬಿಟ್ಟು ಎಲ್ಲಾ ಹೇಳ್ತೀನಿ."

ಸುಂದರಬಾಯಿ ರೂಢಿಯಂತೆ ಬೆರಳು ಮುಂದೆ ಮಾಡಿ ಕೊಳವೆಯತ್ತ ಹೊರಟಳು. ಇಬ್ಬರೂ ಒಟ್ಟಿಗೆ ಹೌಹಾರಿದರು. ಅವಳು ನಿಂತಳು. ಹಿಂದಿರುಗಿ ಬಂದು ಅದೇ ಮೂರು ಬೆರಳನ್ನು ಸೊಸೆಯ ಹಣೆಗೆ ಎಳೆದಳು. ವಿಭೂತಿ ಹತ್ತಲಿಲ್ಲ, ಧೂಳೇ ಬೆರಳಿಗೆ ಬಂತು. ಮಣ್ಣು ಮೆತ್ತಿದ ಹಣೆಯ ಮೇಲೆ, ಮೂರು ಗೆರೆಯಷ್ಟು ಜಾಗದಲ್ಲಿ, ಚರ್ಮ ತೊಳೆದಂತೆ ಕಂಡಿತು.